ಒಂದೇ ವಾರಕ್ಕೆ ಎತ್ತಂಗಡಿಯಾದ ಚಿರತೆ

ಅಡಿಕೆ ಸುಲಿಯುವ ಕಾಲ. ಸಾಗರದ ಕಡೆಯ ನಮ್ಮ ಊರಲ್ಲಿ ಆ ವಾರ ಚಿರತೆಯದೇ ಮಾತು. ಪಕ್ಕದ ಮನೆಯ ನಾಯಿ ರಾತ್ರಿ ಒಂದೇ ಸಮನೆ ಬೊಗಳಿತ್ತು, ಬೆಳಗಾಗುವಷ್ಟರಲ್ಲಿ ಕಾಣೆಯಾಗಿತ್ತು. ಕತ್ತಲಾದ ಮೇಲೆ ಕೊಟ್ಟಿಗೆಗೆ ಹೋಗಬೇಕಾದರೆ ಎಲ್ಲರೂ ಟಾರ್ಚ್ ಹುಡುಕುತ್ತಿದ್ದರು. ಅಂಥ ಒಂದು ಸಂಜೆ, ಜಗಲಿಯಲ್ಲಿ ಅಡಿಕೆ ಸುಲಿಯುತ್ತ ಕೂತಿದ್ದ ಮನೆಮಂದಿಗೆ ಲ್ಯಾಪ್‌ಟಾಪಿನಲ್ಲಿ ಒಂದು ಹಳೇ ಕಪ್ಪು-ಬಿಳುಪು ಸಿನಿಮಾ ಹಾಕಿದೆ. ‘ಬ್ರಿಂಗಿಂಗ್ ಅಪ್ ಬೇಬಿ’. ಇಲ್ಲಿ ಬೇಬಿ ಅಂದರೆ ಮಗು ಅಲ್ಲ, ಸಾಕಿದ ಚಿರತೆ.

ಅಜ್ಜಿಗೆ ಇಂಗ್ಲಿಷ್ ಬಾರದು. ಆದರೆ ಹೀರೋ ಬಚ್ಚಲುಮನೆಯ ಬಾಗಿಲು ತೆಗೆದು, ಒಳಗೆ ಚಿರತೆ ಕಂಡು ದಡಕ್ಕನೆ ಬಾಗಿಲು ಹಾಕಿದಾಗ ಅಜ್ಜಿಯ ಕೈ ನಿಂತಿತು. ಮುಂದೆ ಅದೇ ಚಿರತೆ ಬೆಕ್ಕಿನ ಹಾಗೆ ಅವನ ಕಾಲಿಗೆ ಮೈ ತಿಕ್ಕಿದಾಗ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಈ ಸಿನಿಮಾ ಬಂದಾಗ ಸೋತಿತ್ತು ಅಂದೆ. ಚಿಕ್ಕಪ್ಪ ನಂಬಲಿಲ್ಲ. “ಯಾಕೆ ಸೋಲ್ತು ಮಾರಾಯ?” ಅಂದರು. ಅವರಿಗೆ ಅವತ್ತು ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಸರಿಯಾಗಿ ಹೇಳುತ್ತೇನೆ.

ಕಥೆ ಸರಳ. ಡೇವಿಡ್ ಒಬ್ಬ ವಿಜ್ಞಾನಿ. ನಾಲ್ಕು ವರ್ಷದಿಂದ ಮ್ಯೂಸಿಯಂನಲ್ಲಿ ಡೈನೋಸಾರ್‌ ಎಲುಬುಗಳನ್ನು ಜೋಡಿಸುತ್ತಿದ್ದಾನೆ. ಇನ್ನು ಒಂದೇ ಒಂದು ಎಲುಬು ಬಾಕಿ. ಅದು ಕೈಗೆ ಬರುವ ಹೊತ್ತಿಗೇ ಸೂಸನ್ ಎಂಬ ಹುಡುಗಿ ಅವನ ಬದುಕಿನೊಳಗೆ ನುಗ್ಗುತ್ತಾಳೆ. ಅವಳ ಅಣ್ಣ ಬ್ರೆಜಿಲ್‌ನಿಂದ ಕಳಿಸಿದ ಚಿರತೆ ಬೇರೆ ಜೊತೆಗೆ. (ಬ್ರೆಜಿಲ್‌ ಕಾಡಿನಲ್ಲಿರುವುದು ಜಾಗ್ವಾರ್, ಚಿರತೆ ಅಲ್ಲ. ಮಲೆನಾಡಿನವರ ಕಣ್ಣಿಗೆ ಇದು ಬೀಳದೇ ಇರುವುದಿಲ್ಲ.) ನಾಯಿ ಆ ಎಲುಬನ್ನು ಕಚ್ಚಿಕೊಂಡು ಹೋಗಿ ಎಲ್ಲೋ ಹೂಳುತ್ತದೆ. ಚಿರತೆ ತಪ್ಪಿಸಿಕೊಳ್ಳುತ್ತದೆ. ಎಲ್ಲರೂ ಲಾಕಪ್ ಸೇರುತ್ತಾರೆ.

ನಿರ್ದೇಶಕ ಹೊವಾರ್ಡ್ ಹಾಕ್ಸ್. ಡೇವಿಡ್ ಆಗಿ ಕ್ಯಾರಿ ಗ್ರಾಂಟ್, ಸೂಸನ್ ಆಗಿ ಕ್ಯಾಥರೀನ್ ಹೆಪ್‌ಬರ್ನ್. ಶೂಟಿಂಗ್ ಶುರುವಾಗಿದ್ದು 1937ರ ಸೆಪ್ಟೆಂಬರ್‌ನಲ್ಲಿ. ಹೆಪ್‌ಬರ್ನ್‌ಗೆ ಹಾಸ್ಯ ಹೊಸದು. ನಗಿಸಬೇಕು ಅಂತ ಜಾಸ್ತಿ ಕಷ್ಟಪಡುತ್ತಿದ್ದರು. ಕಡೆಗೆ ಹಾಕ್ಸ್ ಹಳೇ ಹಾಸ್ಯನಟ ವಾಲ್ಟರ್ ಕ್ಯಾಟ್ಲೆಟ್‌ರನ್ನು ಕರೆಸಿ ಅವರಿಗೆ ಪಾಠ ಹೇಳಿಸಿದರು. ಹೆಪ್‌ಬರ್ನ್ ಎಷ್ಟು ಮೆಚ್ಚಿದರೆಂದರೆ, ಕ್ಯಾಟ್ಲೆಟ್‌ಗೂ ಸಿನಿಮಾದಲ್ಲಿ ಒಂದು ಪಾತ್ರ ಸಿಕ್ಕಿತು. ಚಿರತೆಯ ನಿಜವಾದ ಹೆಸರು ನಿಸ್ಸಾ. ಗ್ರಾಂಟ್‌ಗೆ ಅದನ್ನು ಕಂಡರೆ ಹೆದರಿಕೆ, ಹೆಪ್‌ಬರ್ನ್‌ಗೆ ಇಲ್ಲ. ಶೂಟಿಂಗ್ ಅಂದುಕೊಂಡದ್ದಕ್ಕಿಂತ ಬಹಳ ದಿನ ಎಳೆಯಿತು. ಖರ್ಚು 10 ಲಕ್ಷ ಡಾಲರ್ ದಾಟಿತು. ನಿರ್ಮಿಸಿದ ಆರ್‌ಕೆಓ ಕಂಪನಿಗೆ ಆಗಲೇ ಹೊಟ್ಟೆಯಲ್ಲಿ ಸಂಕಟ ಶುರುವಾಗಿತ್ತು.

1938ರ ಫೆಬ್ರವರಿಯಲ್ಲಿ ಬಿಡುಗಡೆ. ವಿಮರ್ಶಕರೆಲ್ಲ ಬೈದರು ಅಂತ ಈಗ ಬಹಳ ಜನ ಬರೆಯುತ್ತಾರೆ. ಅದು ಸರಿಯಲ್ಲ. ‘ವೆರೈಟಿ’ ಪತ್ರಿಕೆ ಮೆಚ್ಚಿಕೊಂಡಿತ್ತು. ‘ದಿ ನ್ಯೂ ರಿಪಬ್ಲಿಕ್‌’ನ ಓಟಿಸ್ ಫರ್ಗ್ಯುಸನ್ ಕೂಡ ಹಾಕ್ಸ್ ಕೆಲಸವನ್ನು ಹೊಗಳಿದ್ದರು. ಆದರೆ ನೆನಪಲ್ಲಿ ಉಳಿದಿದ್ದು ‘ದಿ ನ್ಯೂಯಾರ್ಕ್ ಟೈಮ್ಸ್‌’ನ ಫ್ರಾಂಕ್ ನ್ಯೂಜೆಂಟ್ ಬರೆದದ್ದು. ಅವರ ಮಾತಿನ ಸಾರ ಇಷ್ಟು: ಸಿನಿಮಾನೇ ನೋಡದವರಿಗೆ ಇದೆಲ್ಲ ಹೊಸದು ಅನಿಸಬಹುದು, ಆದರೆ ಸಿನಿಮಾ ನೋಡದವರು ಯಾರಿದ್ದಾರೆ?

ಅವರನ್ನು ಸುಮ್ನೆ ದೂರುವುದಕ್ಕಾಗುವುದಿಲ್ಲ. ಅಮೆರಿಕದಲ್ಲಿ ಆರ್ಥಿಕ ಕುಸಿತದ ವರ್ಷಗಳು ಅವು. ಹುಚ್ಚು ಹುಡುಗಿ, ಪೆದ್ದು ಹುಡುಗ, ದುಡ್ಡಿರುವ ಅತ್ತೆ, ಎಡವಿ ಬೀಳುವುದು, ಬಟ್ಟೆ ಹರಿಯುವುದು, ಇಂಥ ಸಿನಿಮಾಗಳು 1934ರಿಂದ ಒಂದರ ಹಿಂದೆ ಒಂದು ಬಂದಿದ್ದವು. ‘ಸ್ಕ್ರೂಬಾಲ್’ ಅಂತ ಅವಕ್ಕೆ ಹೆಸರೂ ಬಿದ್ದಿತ್ತು. ವಾರವಾರ ಅದನ್ನೇ ನೋಡಿ ಬರೆಯಬೇಕಾದ ವಿಮರ್ಶಕನಿಗೆ ಸಾಕಾಗಿರುತ್ತದೆ, ಅಲ್ವಾ? ಆದರೂ ಅವರ ಅಳತೆಗೋಲೇ ತಪ್ಪು ಅಂತ ನನಗೆ ಅನಿಸುತ್ತದೆ. ನಮ್ಮ ಕಡೆ ಯಕ್ಷಗಾನಕ್ಕೆ ಹೋಗುವವರಿಗೆ ಕಥೆ ಮೊದಲೇ ಗೊತ್ತು. ಕೀಚಕ ಸಾಯುತ್ತಾನೆ ಅಂತ ತಿಳಿದೇ ಚಾಪೆ ಹಿಡಿದು ಹೋಗುತ್ತಾರೆ. ಇವತ್ತಿನ ಕೀಚಕ ಹೇಗೆ ಮಾಡುತ್ತಾನೆ, ಭಾಗವತರು ಪದ ಎಲ್ಲಿ ಎತ್ತುತ್ತಾರೆ, ಅದನ್ನು ನೋಡಲಿಕ್ಕೆ ಹೋಗುವುದು. ಕಂಡದ್ದೇ ಕಥೆ ಅನ್ನುವುದು ಅಲ್ಲಿ ದೂರೇ ಅಲ್ಲ.

ಈ ಸಿನಿಮಾದ ಹೋಟೆಲ್ ದೃಶ್ಯವನ್ನೇ ನೋಡಿ. ಸೂಸನ್ ಡೇವಿಡ್‌ನ ಕೋಟು ಹರಿಯುತ್ತಾಳೆ. ಮರುಗಳಿಗೆಗೆ ಅವನ ಕಾಲಡಿ ಸಿಕ್ಕಿ ಅವಳ ಗೌನಿನ ಹಿಂಭಾಗ ಪೂರ್ತಿ ಹರಿದುಹೋಗುತ್ತದೆ. ಅವಳಿಗೆ ಗೊತ್ತೇ ಆಗಿಲ್ಲ, ಸಿಟ್ಟಿನಲ್ಲಿ ಬೈಯುತ್ತಲೇ ಇದ್ದಾಳೆ. ಅವನು ಗಾಬರಿಯಾಗಿ ಟೋಪಿಯಿಂದ ಮುಚ್ಚುತ್ತಾನೆ. ಅವಳಿಗೆ ತಿಳಿದ ಮೇಲೆ ದಾರಿ ಒಂದೇ. ಅವನು ಹಿಂದೆ ಅಂಟಿಕೊಂಡು ನಿಲ್ಲಬೇಕು, ಇಬ್ಬರೂ ಒಂದೇ ಹೆಜ್ಜೆಯಲ್ಲಿ ಇಡೀ ಹಾಲ್ ದಾಟಿ ಹೊರಗೆ ಹೋಗಬೇಕು. ಎಡ, ಬಲ, ಎಡ, ಬಲ. ಇಷ್ಟು ಹೊತ್ತು ಕಿತ್ತಾಡಿದವರು ಮೊದಲ ಸಲ ಒಂದೇ ತಾಳಕ್ಕೆ ಬರುವುದು ಅಲ್ಲಿ. ಪ್ರೀತಿ ಶುರುವಾಗಿದೆ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಕಾಲುಗಳು ಹೇಳುತ್ತವೆ. ಗೌನು ಹರಿಯುವುದು ಹಳೇ ತಮಾಷೆ ಇರಬಹುದು, ಈ ನಡಿಗೆ ಹಳೆಯದಲ್ಲ.

ದುಡ್ಡಿನ ವಿಷಯಕ್ಕೆ ಬಂದರೆ, ಕೆಲವು ಊರುಗಳಲ್ಲಿ ಸಿನಿಮಾ ಚೆನ್ನಾಗಿಯೇ ಓಡಿತು. ನ್ಯೂಯಾರ್ಕ್‌ನಲ್ಲಿ ಓಡಲಿಲ್ಲ. ಅಲ್ಲಿನ ರೇಡಿಯೋ ಸಿಟಿ ಮ್ಯೂಸಿಕ್ ಹಾಲ್‌ನವರು ಒಂದೇ ವಾರಕ್ಕೆ ಎತ್ತಂಗಡಿ ಮಾಡಿದರು. ಆರ್‌ಕೆಓಗೆ ಆದ ನಷ್ಟ ಸುಮಾರು 3 ಲಕ್ಷ 65 ಸಾವಿರ ಡಾಲರ್. ಹಾಕ್ಸ್‌ಗೆ ಕೊಡಬೇಕಿದ್ದ ಮುಂದಿನ ದೊಡ್ಡ ಚಿತ್ರವನ್ನು ಕಂಪನಿ ಬೇರೆಯವರಿಗೆ ಕೊಟ್ಟಿತು. ಅದೇ ಮೇ ತಿಂಗಳಲ್ಲಿ ಚಿತ್ರಮಂದಿರ ಮಾಲೀಕರ ಸಂಘವೊಂದು ಪತ್ರಿಕೆಯಲ್ಲಿ ಜಾಹೀರಾತು ಹಾಕಿಸಿ, ಕೆಲವು ತಾರೆಯರು ಗಲ್ಲಾಪೆಟ್ಟಿಗೆಗೆ ವಿಷ ಅಂತ ಹೆಸರು ಹಿಡಿದೇ ಬರೆಯಿತು. ಅದರಲ್ಲಿ ಗ್ರೇಟಾ ಗಾರ್ಬೋ ಹೆಸರಿತ್ತು, ಹೆಪ್‌ಬರ್ನ್ ಹೆಸರೂ ಇತ್ತು. ಹೆಪ್‌ಬರ್ನ್ ಕೈಯಿಂದ ದುಡ್ಡು ಕೊಟ್ಟು ಆರ್‌ಕೆಓ ಒಪ್ಪಂದದಿಂದ ಹೊರಬಂದರು. ಅವರು ಮತ್ತೆ ಮೇಲೆದ್ದಿದ್ದು 1940ರಲ್ಲಿ.

ಆಮೇಲೆ ಗಾಳಿ ತಿರುಗಿದ್ದು ಹೇಗೆ? ಮೊದಲು ತಿರುಗಿದ್ದು ಅಮೆರಿಕದಲ್ಲಿ ಅಲ್ಲ, ಪ್ಯಾರಿಸ್‌ನಲ್ಲಿ. ಅಲ್ಲಿ 1951ರಲ್ಲಿ ‘ಕಾಯೆ ದ್ಯು ಸಿನೆಮಾ’ ಎಂಬ ಪತ್ರಿಕೆ ಶುರುವಾಯಿತು. ಬರೆಯುವವರೆಲ್ಲ ಹುಡುಗರು. ಸಿನಿಮಾವನ್ನು ಸ್ಟಾರ್ ಹೆಸರಿನಿಂದಲ್ಲ, ಕಥೆಯಿಂದಲೂ ಅಲ್ಲ, ನಿರ್ದೇಶಕನ ಕೈಗುಣದಿಂದ ನೋಡಬೇಕು ಅನ್ನುವುದು ಅವರ ಹಟ. 1953ರಲ್ಲಿ ಜಾಕ್ ರಿವೆಟ್ ಅದರಲ್ಲಿ ಹಾಕ್ಸ್ ಬಗ್ಗೆ ಒಂದು ಲೇಖನ ಬರೆದರು. ಹಾಲಿವುಡ್ ಬರೀ ಕಸುಬುದಾರ ಅಂತ ತಿಳಿದಿದ್ದ ಮನುಷ್ಯನನ್ನು ಅವರು ದೊಡ್ಡ ಕಲಾವಿದ ಅಂದರು. ಮುಂದೆ ಅಮೆರಿಕದಲ್ಲಿ ವಿಮರ್ಶಕ ಆ್ಯಂಡ್ರೂ ಸ್ಯಾರಿಸ್ ಅದೇ ವಾದ ಹಿಡಿದರು. ಅಷ್ಟರಲ್ಲಿ ಟಿವಿಯಲ್ಲಿ ಹಳೇ ಸಿನಿಮಾ ಬರತೊಡಗಿದ್ದವು. 1938ರಲ್ಲಿ ಹುಟ್ಟಿಯೇ ಇರದವರು ಮನೆಯಲ್ಲಿ ಕೂತು ನೋಡಿ ನಕ್ಕರು. ಅವರಿಗೆ ನ್ಯೂಜೆಂಟ್‌ಗೆ ಇದ್ದ ಸುಸ್ತು ಇರಲಿಲ್ಲ.

ಸಿನಿಮಾವನ್ನು ಹೀಗೆ ನೋಡುವ ಅಭ್ಯಾಸ ನಮ್ಮ ಸಾಗರ ತಾಲ್ಲೂಕಿಗೂ ಬಂತು. ಹೆಗ್ಗೋಡಿನ ನೀನಾಸಂ 1973ರಲ್ಲಿ ಚಿತ್ರಸಮಾಜ ಕಟ್ಟಿತು. ಕೆ.ವಿ. ಸುಬ್ಬಣ್ಣನವರು ಜಗತ್ತಿನ ಸಿನಿಮಾಗಳನ್ನು ಅಡಿಕೆ ತೋಟದ ನಡುವಿನ ಹಳ್ಳಿಗೆ ತರಿಸಿದರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ನ ಸತೀಶ್ ಬಹಾದ್ದೂರ್ ಬಂದು ಶಿಬಿರ ನಡೆಸಿದರು. ಹಳ್ಳಿಯವರಿಗೆ ಇಂಥದ್ದೆಲ್ಲ ಅರ್ಥವಾಗುತ್ತಾ ಅಂತ ಕೇಳುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ನಮ್ಮ ಜಗಲಿಗೆ ಬಂದು ನೋಡಲಿ.

1981ರಲ್ಲಿ ಹಾರ್ವರ್ಡ್‌ನ ತತ್ವಶಾಸ್ತ್ರದ ಮೇಷ್ಟ್ರು ಸ್ಟ್ಯಾನ್ಲಿ ಕ್ಯಾವೆಲ್ ಈ ಬಗೆಯ ಹಾಸ್ಯಚಿತ್ರಗಳ ಮೇಲೆ ಒಂದು ಪುಸ್ತಕ ಬರೆದು, ಈ ಚಿರತೆಗೆ ಇಡೀ ಅಧ್ಯಾಯ ಕೊಟ್ಟರು. ಗಂಡು-ಹೆಣ್ಣು ಜೊತೆಯಾಗಿ ಆಡುವುದು, ಮಾತಿಗೆ ಮಾತು ಕೊಡುವುದು, ಅದೇ ಮದುವೆಯ ತಿರುಳು ಅನ್ನುವ ದಾರಿಯಲ್ಲಿ ಅವರ ವಿಚಾರ ಹೋಗುತ್ತದೆ. 1990ರಲ್ಲಿ ಅಮೆರಿಕ ಸರ್ಕಾರ ಉಳಿಸಿಕೊಳ್ಳಬೇಕಾದ ಚಿತ್ರಗಳ ರಾಷ್ಟ್ರೀಯ ಪಟ್ಟಿಗೆ ಇದನ್ನು ಸೇರಿಸಿತು. 2000ದಲ್ಲಿ ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಆರಿಸಿದ 100 ನಗೆಚಿತ್ರಗಳಲ್ಲಿ ಇದಕ್ಕೆ 14ನೇ ಜಾಗ.

ಕಡೆಯವರೆಗೂ ಪೂರ್ತಿ ಒಪ್ಪದೇ ಉಳಿದ ವಿಮರ್ಶಕ ಅಂದರೆ ಹಾಕ್ಸ್ ಅವರೇ. ಸಿನಿಮಾದಲ್ಲಿ ಎಲ್ಲರೂ ಹುಚ್ಚರು, ಸರಿಯಾದವರು ಒಬ್ಬರೂ ಇಲ್ಲ, ಅದೇ ದೊಡ್ಡ ತಪ್ಪು ಅಂತ ಅವರು ತಮ್ಮನ್ನು ಸಂದರ್ಶಿಸಿದ ನಿರ್ದೇಶಕ ಪೀಟರ್ ಬೊಗ್ಡನೊವಿಚ್ ಮುಂದೆ ಹೇಳಿಕೊಂಡರು. ತೋಟದ ಮಾಲಿಯಿಂದ ಹಿಡಿದು ಪೊಲೀಸಿನವನವರೆಗೆ ನೋಡಿದರೆ ಹೌದು ಅನಿಸುತ್ತದೆ. ಹಾಸ್ಯಗಾರ ನಗಿಸಬೇಕಾದರೆ ಪಕ್ಕದಲ್ಲಿ ರಾಜ ಗಂಭೀರವಾಗಿ ನಿಂತಿರಬೇಕು, ಇದು ಮೇಳ ನೋಡಿದ ಯಾರಿಗಾದರೂ ಗೊತ್ತು.

ಆದರೆ ಡೇವಿಡ್ ಇದ್ದಾನಲ್ಲ. ದಪ್ಪ ಕನ್ನಡಕದೊಳಗಿಂದ, ಊರೆಲ್ಲ ಕುಣಿಯುತ್ತಿದ್ದರೂ, ತನ್ನ ಎಲುಬು ಎಲ್ಲಿ ಅಂತ ಪಾಪ ನಿಜವಾಗಿಯೂ ಕೇಳುತ್ತಲೇ ಇರುತ್ತಾನೆ. ಅವತ್ತು ಸಂಜೆ ಅಜ್ಜಿ ನಕ್ಕಿದ್ದು ಚಿರತೆ ನೋಡಿ ಅಲ್ಲ. ಚಿರತೆ ಕಂಡಾಗ ಅವರಿಗೆ ಹೆದರಿಕೆಯೇ ಆಗಿತ್ತು. ಪರದೆಯ ಕಡೆ ಅಡಿಕೆಯ ಕೈ ತೋರಿಸಿ ಅವರು ಅಂದಿದ್ದು, “ಅಯ್ಯೋ, ಅವನ ಮುಖ ನೋಡೋ, ಅವನ ಮುಖ ನೋಡು.”