ಮಳೆಗಾಲದಲ್ಲಿ ಇಗರ್ಜಿ (ಚರ್ಚ್) ತೆರೆಯುವಾಗ: ಗಾಳಿ, ಬೆಂಚು, ಬ್ಲೀಚಿಂಗ್ ಪೌಡರ್

ಕೋವಿಡ್‌ನ ಮೊದಲ ಲಾಕ್‌ಡೌನಿನ ಬಳಿಕ ಪೂಜಾಸ್ಥಳಗಳ ಬಾಗಿಲು ತೆರೆಯಲು ಕೇಂದ್ರ ಸರಕಾರ ಒಪ್ಪಿದ್ದು 2020ರ ಜೂನ್ 8ರಿಂದ. ಮಂಗಳೂರು, ಉಡುಪಿಯಲ್ಲಿ ಮುಂಗಾರು ಹಿಡಿಯುವ ಹೊತ್ತು ಅದು. ಆರು ಅಡಿ ಅಂತರ, ಮಾಸ್ಕ್, ಪವಿತ್ರ ಜಲ ಚಿಮುಕಿಸಬಾರದು, ಕೊಯರ್ (ಗಾಯನ ವೃಂದ) ಬದಲು ರೆಕಾರ್ಡ್ ಮಾಡಿದ ಹಾಡು ಎಂದಿತ್ತು ಸೂಚನೆ. ಬಾಯಿಪಾಠ ಸಾಲದು, ಕಾರಣ ಗೊತ್ತಿರಬೇಕು.

ಹಾಡಿಗೇಕೆ ತಡೆ ಇತ್ತು? ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕಾಜಿಟ್ ಕೌಂಟಿಯಲ್ಲಿ 2020ರ ಮಾರ್ಚ್ 10ರಂದು 61 ಮಂದಿ ಎರಡೂವರೆ ಗಂಟೆ ಕೊಯರ್ ಅಭ್ಯಾಸಕ್ಕೆ ಸೇರಿದ್ದರು. 53 ಮಂದಿ ಕೋವಿಡ್‌ನಿಂದ ಕಾಯಿಲೆ ಬಿದ್ದರು, ಇಬ್ಬರು ತೀರಿಕೊಂಡರು. ಗಟ್ಟಿಯಾಗಿ ಹಾಡಿದಾಗ ಬಾಯಿಂದ ಹೊರಬರುವ ಸಣ್ಣ ಕಣಗಳು ಮುಚ್ಚಿದ ಕೋಣೆಯಲ್ಲಿ ತುಂಬ ಹೊತ್ತು ತೇಲುತ್ತವೆ.

ಆದ್ದರಿಂದ ಮೊದಲು ನೋಡಬೇಕಾದದ್ದು ಗಾಳಿ. ನಮ್ಮಲ್ಲಿ ತಪ್ಪಾಗುವುದೂ ಇಲ್ಲೇ: ಎರಚಲು ಹೊಡೆಯುತ್ತದೆಂದು ಎಲ್ಲ ಕಿಟಕಿ ಮುಚ್ಚಿ ಸೀಲಿಂಗ್ ಫ್ಯಾನ್ ಹಾಕುತ್ತೇವೆ. ಫ್ಯಾನ್ ಒಳಗಿನ ಗಾಳಿಯನ್ನೇ ತಿರುಗಿಸುತ್ತದೆ, ಹೊರಗೆ ಹಾಕುವುದಿಲ್ಲ. ಮಳೆಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುವುದರಿಂದ ಪೂರ್ವದ ಕಿಟಕಿ, ಬಾಗಿಲುಗಳನ್ನು ತೆರೆದಿಡಬಹುದು. ಎಕ್ಸಾಸ್ಟ್ ಫ್ಯಾನನ್ನು ತೆರೆದ ಬಾಗಿಲಿನ ಎದುರು ತುದಿಯಲ್ಲಿ ಕೂರಿಸಿ. ಬಾಗಿಲಿನ ಪಕ್ಕದಲ್ಲೇ ಇಟ್ಟರೆ ಆಗಷ್ಟೇ ಒಳಬಂದ ಗಾಳಿಯನ್ನೇ ಎಳೆದು ಹಾಕುತ್ತದೆ, ನಡುವಿನ ಜನರ ಗಾಳಿ ಅಲ್ಲೇ ಉಳಿಯುತ್ತದೆ. ಎರಡು ಬಲಿಪೂಜೆಗಳ (ಮಾಸ್) ನಡುವೆ ಫ್ಯಾನ್ ನಿಲ್ಲಿಸದೆ ಅರ್ಧ ಗಂಟೆಯಾದರೂ ಬಿಡಿ.

ಆರು ಅಡಿ ಅಂತರದ ನಿಯಮವಿದ್ದಾಗ ಬೆಂಚಿನ ಲೆಕ್ಕದಲ್ಲಿ ಎಡವಿದವರು ಬಹಳ. 12 ಅಡಿ ಬೆಂಚಿಗೆ ಮೂವರು ಎಂದು ಗುರುತು ಹಾಕುತ್ತಿದ್ದರು. ಆದರೆ ತುದಿಯಲ್ಲಿ ಕೂತವರ ಮೂಗು ಅಂಚಿನಿಂದ ಮುಕ್ಕಾಲು ಅಡಿ ಒಳಗಿರುತ್ತದೆ. ಇಬ್ಬರ ನಡುವೆ ಉಳಿಯುವುದು ಹತ್ತೂವರೆ ಅಡಿ, ಮಧ್ಯದವರಿಗೆ ಎರಡೂ ಕಡೆ ಐದೂಕಾಲೇ. ಹಾಗಾಗಿ ಇಬ್ಬರೇ. ಸಾಲುಗಳ ನಡುವೆ ಮೂರಡಿ ಇದ್ದರೆ ಒಂದು ಬಿಟ್ಟು ಒಂದು ಬೆಂಚು. 40 ಬೆಂಚಿನ ಇಗರ್ಜಿಗೆ 40 ಜನ! ವಾಳೆವಾರು (ವಾಳೆ ಎಂದರೆ ಇಗರ್ಜಿಯ ವಾರ್ಡು) ಸಮಯ ಹಂಚುವ ಕೆಲಸವನ್ನು ವಾಳೆಯ ಮುಖಂಡರಾದ ಗುರ್ಕಾರರಿಗೆ ಮೊದಲೇ ಒಪ್ಪಿಸಬೇಕಿತ್ತು. ಒಂದೇ ಮನೆಯವರು ಒಟ್ಟಿಗೆ ಕೂತರೆ ತೊಂದರೆಯಿರಲಿಲ್ಲ.

ಪರಮಪ್ರಸಾದ (ಬಲಿಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಆಗ ಕೈಗೆ ಮಾತ್ರ, ನಾಲಿಗೆಯ ಮೇಲಲ್ಲ.

ಬೆಂಚು ಮೊದಲಾದವನ್ನು ಒರೆಸಲು ಶೇ. 1ರ ಕ್ಲೋರಿನ್ ದ್ರಾವಣ ಸಾಕು: ಶೇ. 33 ಕ್ಲೋರಿನ್ ಇರುವ ಬ್ಲೀಚಿಂಗ್ ಪೌಡರ್ 30 ಗ್ರಾಂ, ನೀರು 1 ಲೀಟರ್. ಹತ್ತು ನಿಮಿಷ ಒದ್ದೆಯಾಗಿರಲಿ. ನಿನ್ನೆಯದು ಇಂದಿಗಾಗದು, ಕ್ಲೋರಿನ್ ಹಾರಿಹೋಗಿರುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ ಜತೆ ಎಂದೂ ಬೆರೆಸಬೇಡಿ, ವಿಷಾನಿಲ ಏಳುತ್ತದೆ. ಹಿತ್ತಾಳೆಯ ಮೇಣದಬತ್ತಿ ಸ್ಟ್ಯಾಂಡಿಗೆ ತಾಗಿದರೆ ಕಪ್ಪಾಗುತ್ತದೆ, ಅದಕ್ಕೆ ಸಾಬೂನು ನೀರೇ ಒಳ್ಳೆಯದು. ಸ್ಯಾನಿಟೈಸರ್ ಬಾಗಿಲಲ್ಲೇ ಇರಲಿ. ಅದರ ಆಲ್ಕೋಹಾಲ್ ಬೆಂಕಿ ಹಿಡಿಯುವಂಥದ್ದು, ಕೈ ಪೂರ್ತಿ ಒಣಗಿದ ಮೇಲೆಯೇ ಮೇಣದಬತ್ತಿ ಹಚ್ಚಬೇಕು.