ಔಷಧಕ್ಕೆ ಬಗ್ಗದ ಕಿಣ್ವ ತನ್ನ ಕೆಲಸವನ್ನು ಹೇಗೆ ಮಾಡುತ್ತದೆ?

ಪ್ರಶ್ನೆ: ಬ್ಯಾಕ್ಟೀರಿಯಾದ ಕಿಣ್ವಕ್ಕೆ ಔಷಧ ಅಂಟಿಕೊಂಡು ಅದರ ಕೆಲಸವನ್ನು ನಿಲ್ಲಿಸುತ್ತದೆ ಎಂದು ಓದಿದ್ದೇನೆ. ಕಿಣ್ವದಲ್ಲಿ ಒಂದೇ ಒಂದು ಅಮೈನೊ ಆಮ್ಲ ಬದಲಾದರೂ ಔಷಧ ಹಿಡಿಯದಂತಾಗುತ್ತದಂತೆ. ಹಾಗೆ ಬದಲಾದ ಕಿಣ್ವ ತನ್ನ ಸಹಜ ಕೆಲಸವನ್ನಾದರೂ ಹೇಗೆ ಮಾಡುತ್ತದೆ? ಬ್ಯಾಕ್ಟೀರಿಯಾವೇ ಸಾಯಬೇಕಲ್ಲವೇ?

ಉತ್ತರ: ನಿಮ್ಮ ಅನುಮಾನ ನ್ಯಾಯವಾದದ್ದು. ಎಷ್ಟೋ ಸಲ ನಡೆಯುವುದೂ ಹಾಗೆಯೇ. ಬ್ಯಾಕ್ಟೀರಿಯಾ ವಿಭಜನೆಯಾಗುವಾಗ ಡಿಎನ್‌ಎ ನಕಲಿನಲ್ಲಿ ಆಗಾಗ ತಪ್ಪು ನುಸುಳುತ್ತದೆ. ಆ ತಪ್ಪು ಬದುಕಿಗೆ ಬೇಕೇಬೇಕಾದ ಕಿಣ್ವವನ್ನು ಹಾಳುಗೆಡವಿದರೆ ಆ ಬ್ಯಾಕ್ಟೀರಿಯಾ ಸಂತತಿ ಬೆಳೆಸದೆ ಅಳಿಯುತ್ತದೆ. ಪ್ರಯೋಗಾಲಯದಲ್ಲಿ ನಮ್ಮ ಕಣ್ಣಿಗೆ ಬೀಳುವುದು ಉಳಿದುಕೊಂಡವು ಮಾತ್ರ. ಪ್ರತಿರೋಧ ತರುತ್ತವೆ ಎಂದು ನಾವು ಪಟ್ಟಿ ಮಾಡುವ ಹೆಚ್ಚಿನ ಬದಲಾವಣೆಗಳು ಎರಡು ಷರತ್ತುಗಳನ್ನು ಪೂರೈಸಿ ಬಂದಿರುತ್ತವೆ: ಔಷಧದ ಹಿಡಿತ ಸಡಿಲವಾಗಿರಬೇಕು, ಕಿಣ್ವದ ಕೆಲಸ ಬದುಕಲು ಸಾಕಾಗುವಷ್ಟು ಉಳಿದಿರಬೇಕು.

ಶಾಲೆಯಲ್ಲಿ ಕಲಿತ ಬೀಗ-ಕೀಲಿಯ ಚಿತ್ರ ಇಲ್ಲಿ ದಾರಿ ತಪ್ಪಿಸುತ್ತದೆ. ಸಹಜ ಅಣುವೂ ಔಷಧವೂ ಕಿಣ್ವವನ್ನು ಒಂದೇ ಕಡೆ, ಒಂದೇ ರೀತಿಯಲ್ಲಿ ಮುಟ್ಟುತ್ತವೆ ಎಂಬ ಭಾವನೆಯನ್ನು ಅದು ಹುಟ್ಟಿಸುತ್ತದೆ. ವಾಸ್ತವದಲ್ಲಿ ಔಷಧ ಎಷ್ಟೋ ಸಲ ಆಧರಿಸುವುದು ಕಿಣ್ವದ ಸ್ವಂತ ಕೆಲಸಕ್ಕೆ ಅಷ್ಟೇನೂ ಬೇಡವಾದ ಅಮೈನೊ ಆಮ್ಲಗಳನ್ನು. ಡಿಎನ್‌ಎ ಗೈರೇಸ್ ಎಂಬ ಕಿಣ್ವವನ್ನು ನೋಡಿ. ಅದು ಡಿಎನ್‌ಎಯನ್ನು ಕತ್ತರಿಸಿ, ಸುರುಳಿಯ ಬಿಗಿತವನ್ನು ಸರಿಪಡಿಸಿ, ಮತ್ತೆ ಜೋಡಿಸುತ್ತದೆ. ಸಿಪ್ರೊಫ್ಲಾಕ್ಸಸಿನ್ ಎಂಬ ಔಷಧ ಈ ಕಿಣ್ವವನ್ನು ಹಿಡಿಯುವುದು ಒಂದು ಮೆಗ್ನೀಸಿಯಂ ಅಯಾನು ಮತ್ತು ಅದನ್ನು ಸುತ್ತುವರಿದ ನೀರಿನ ಅಣುಗಳ ಮೂಲಕ. ಇ. ಕೋಲೈ ಎಂಬ ಬ್ಯಾಕ್ಟೀರಿಯಾದಲ್ಲಿ ಆ ನೀರಿನ ಅಣುಗಳಿಗೆ ಆಸರೆಯಾಗುವ ಅಮೈನೊ ಆಮ್ಲಗಳಲ್ಲಿ ಕಿಣ್ವದ ಸರಪಳಿಯ 83ನೇ ಸ್ಥಾನದ ಸೆರಿನ್ ಒಂದು. ಅಲ್ಲಿ ಲ್ಯೂಸಿನ್ ಬಂದು ಕುಳಿತರೆ ಆಸರೆ ತಪ್ಪುತ್ತದೆ, ಔಷಧ ಜಾರುತ್ತದೆ. ಡಿಎನ್‌ಎ ಕತ್ತರಿಸುವ ಹೊಣೆ 122ನೇ ಸ್ಥಾನದ ಟೈರೊಸಿನ್‌ನದು; ಅದಕ್ಕೆ ಏನೂ ಆಗಿರುವುದಿಲ್ಲ. ಕ್ಷಯರೋಗದ ಬ್ಯಾಕ್ಟೀರಿಯಾದ ಗೈರೇಸ್‌ನಲ್ಲಂತೂ ಆ ಸೆರಿನ್‌ನ ಜಾಗದಲ್ಲಿ ಹುಟ್ಟಿನಿಂದಲೇ ಅಲನಿನ್ ಇದೆ. ಒಂದೇ ಕಿಣ್ವ, ಒಂದೇ ಕೆಲಸ, ಆದರೆ ಪ್ರಭೇದದಿಂದ ಪ್ರಭೇದಕ್ಕೆ ಔಷಧದ ಹಿಡಿತ ಬೇರೆ.

ಇದಕ್ಕಿಂತಲೂ ನನ್ನನ್ನು ಬೆರಗುಗೊಳಿಸುವ ಉದಾಹರಣೆ ಐಸೋನಿಯಾಜಿಡ್‌ನದು. 1952ರಿಂದ ಕ್ಷಯಕ್ಕೆ ಬಳಕೆಯಲ್ಲಿರುವ ಈ ಔಷಧ ಹಾಗೆಯೇ ಇದ್ದರೆ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ. ಬ್ಯಾಕ್ಟೀರಿಯಾದ ಕ್ಯಾಟ್‌ಜಿ ಎಂಬ ಕಿಣ್ವವೇ ಅದನ್ನು ವಿಷವಾಗಿ ಮಾರ್ಪಡಿಸಬೇಕು. ಕ್ಯಾಟ್‌ಜಿಯನ್ನೇ ಕಳೆದುಕೊಂಡರೆ ಔಷಧದಿಂದ ಪಾರಾಗಬಹುದು ನಿಜ. ಆದರೆ ನಮ್ಮ ರಕ್ಷಣಾ ಕೋಶಗಳು ಉಗುಳುವ ಹೈಡ್ರೋಜನ್ ಪೆರಾಕ್ಸೈಡನ್ನು ಒಡೆದು ಬ್ಯಾಕ್ಟೀರಿಯಾವನ್ನು ಕಾಯುವುದೂ ಅದೇ ಕಿಣ್ವ. ಹಾಗಾಗಿ ರೋಗಿಗಳಲ್ಲಿ ಅತಿ ಹೆಚ್ಚು ಕಾಣಸಿಗುವ ಬದಲಾವಣೆ ತೀರಾ ಚಿಕ್ಕದು: 315ನೇ ಸ್ಥಾನದಲ್ಲಿ ಸೆರಿನ್ ಬದಲು ಥ್ರಿಯೊನಿನ್. ಇವೆರಡಕ್ಕೂ ಇರುವ ವ್ಯತ್ಯಾಸ ಒಂದು ಮೀಥೈಲ್ ಗುಂಪಿನದು. ಅಷ್ಟರಿಂದಲೇ ಕ್ರಿಯಾತಾಣಕ್ಕೆ, ಅಂದರೆ ಕಿಣ್ವ ತನ್ನ ಕೆಲಸ ನಡೆಸುವ ಜಾಗಕ್ಕೆ, ಹೋಗುವ ದಾರಿ ಕಿರಿದಾಗುತ್ತದೆ. ಪುಟ್ಟ ಅಣುವಾದ ಪೆರಾಕ್ಸೈಡ್ ಒಳಗೆ ಹೋಗುತ್ತಲೇ ಇರುತ್ತದೆ, ದೊಡ್ಡದಾದ ಐಸೋನಿಯಾಜಿಡ್‌ಗೆ ಹೋಗುವುದು ಕಷ್ಟವಾಗುತ್ತದೆ. ಕಾಯುವ ಕೆಲಸ ಬಹುಮಟ್ಟಿಗೆ ಉಳಿಯಿತು, ಔಷಧವನ್ನು ವಿಷವಾಗಿಸುವ ಕೆಲಸ ಕುಂದಿತು.

ಎಲ್ಲ ಬದಲಾವಣೆಯೂ ಇಷ್ಟು ಅಗ್ಗವಲ್ಲ. ಪೆನಿಸಿಲಿನ್ ಬಗೆಯ ಔಷಧಗಳನ್ನು ಒಡೆಯುವ ಬೀಟಾ-ಲ್ಯಾಕ್ಟಮೇಸ್‌ಗಳಲ್ಲಿ ಟೆಮ್-1 ಬಹಳ ಚೆನ್ನಾಗಿ ಅಧ್ಯಯನವಾಗಿರುವ ಕಿಣ್ವ. ಅದು ಪೆನಿಸಿಲಿನ್‌ಗಳನ್ನು ಸರಾಗವಾಗಿ ಒಡೆಯುತ್ತದೆ, ಆದರೆ ಸೆಫೊಟ್ಯಾಕ್ಸಿಮ್ ಎಂಬ ಇನ್ನೊಂದು ಔಷಧದ ದಪ್ಪ ಅಣುವಿನ ಮುಂದೆ ಸೋಲುತ್ತದೆ. 238ನೇ ಸ್ಥಾನದಲ್ಲಿ ಗ್ಲೈಸಿನ್ ಹೋಗಿ ಸೆರಿನ್ ಬಂದರೆ ಕ್ರಿಯಾತಾಣದಲ್ಲಿ ಜಾಗ ಹೆಚ್ಚಿ ಸೆಫೊಟ್ಯಾಕ್ಸಿಮ್ ಕೂಡ ಒಡೆಯತೊಡಗುತ್ತದೆ. ಅದರ ಬೆಲೆಯಾಗಿ ಪ್ರೊಟೀನಿನ ಸ್ಥಿರತೆ ಕುಗ್ಗುತ್ತದೆ. ಆಗ 182ನೇ ಸ್ಥಾನದ ಮೆಥಿಯೊನಿನ್ ಜಾಗಕ್ಕೆ ಥ್ರಿಯೊನಿನ್ ಬಂದರೆ ಕಳೆದುಕೊಂಡ ಸ್ಥಿರತೆ ಮರಳುತ್ತದೆ. ಈ 182ನೇ ಸ್ಥಾನ ಕ್ರಿಯಾತಾಣದಿಂದ ದೂರದಲ್ಲಿದೆ, ಔಷಧವನ್ನು ಮುಟ್ಟುವುದೂ ಇಲ್ಲ; ಆದರೂ ಪ್ರತಿರೋಧದಲ್ಲಿ ಅದರ ಪಾಲು ದೊಡ್ಡದು. ಡೇನಿಯಲ್ ವೈನ್‌ರೀಚ್ ಮತ್ತು ಸಂಗಡಿಗರು 2006ರಲ್ಲಿ ಇದೇ ಜೀನಿನ ಐದು ಬದಲಾವಣೆಗಳನ್ನು ಪರಿಶೀಲಿಸಿದರು. ಐದೂ ಸೇರಿದರೆ ಸೆಫೊಟ್ಯಾಕ್ಸಿಮ್ ಪ್ರತಿರೋಧ ಸುಮಾರು 1,00,000 ಪಟ್ಟು ಏರುತ್ತದೆ. ಅವು ಒಂದಾದ ಮೇಲೊಂದು ಬರಲು 120 ಕ್ರಮಗಳು ಸಾಧ್ಯ; ಪ್ರತಿ ಹೆಜ್ಜೆಯಲ್ಲೂ ಪ್ರತಿರೋಧ ಹೆಚ್ಚುತ್ತಲೇ ಹೋಗುವ ಕ್ರಮಗಳು 18 ಮಾತ್ರ. ಉಳಿದ ದಾರಿಗಳು ನಡುವೆಯೇ ಮುಚ್ಚಿಹೋಗುತ್ತವೆ.

ಇನ್ನೊಂದು ಬೆಲೆಯನ್ನೂ ಹೇಳಬೇಕು. ಹೀಗೆ ಅಗಲವಾದ ಟೆಮ್ ಕಿಣ್ವಗಳನ್ನು ಕ್ಲಾವುಲಾನಿಕ್ ಆಮ್ಲ ಎಂಬ ಪ್ರತಿಬಂಧಕ ಮೊದಲಿಗಿಂತ ಸುಲಭವಾಗಿ ಕಟ್ಟಿಹಾಕುತ್ತದೆ. ಕೆಪಿಸಿ ಎಂಬ ಇನ್ನೊಂದು ಬೀಟಾ-ಲ್ಯಾಕ್ಟಮೇಸ್‌ನಲ್ಲಿ 179ನೇ ಸ್ಥಾನದ ಆಸ್ಪಾರ್ಟಿಕ್ ಆಮ್ಲ ಟೈರೊಸಿನ್ ಆದರೆ ಸೆಫ್ಟಜಿಡಿಮ್-ಅವಿಬ್ಯಾಕ್ಟಮ್ ಎಂಬ ಔಷಧ-ಪ್ರತಿಬಂಧಕ ಜೋಡಿ ಸೋಲುತ್ತದೆ, ಆದರೆ ಅದುವರೆಗೆ ನಾಟದಿದ್ದ ಮೆರೊಪೆನೆಮ್ ಎಂಬ ಔಷಧ ಮತ್ತೆ ನಾಟತೊಡಗುತ್ತದೆ. ಇಂಥ ದೌರ್ಬಲ್ಯಗಳನ್ನು ಚಿಕಿತ್ಸೆಗೆ ಬಳಸಿಕೊಳ್ಳುವ ಪ್ರಯತ್ನಕ್ಕೆ ಇನ್ನೂ ಹೆಚ್ಚಿನ ಗಮನ ಸಲ್ಲಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ಪ್ರತಿರೋಧಕ್ಕೆ ಬೆಲೆ ಇದೆ ಎಂದಮೇಲೆ ಔಷಧ ನಿಲ್ಲಿಸಿದರೆ ಹಳೆಯ ಕಿಣ್ವ ಹಿಂತಿರುಗಬೇಕಲ್ಲ ಎಂದು ನೀವು ಕೇಳಬಹುದು. ಅದನ್ನು ನೆಚ್ಚಿಕೊಳ್ಳುವಂತಿಲ್ಲ. ರಿಫಾಂಪಿಸಿನ್ ಎಂಬ ಕ್ಷಯದ ಔಷಧ, ಡಿಎನ್‌ಎ ನೋಡಿ ಆರ್‌ಎನ್‌ಎ ತಯಾರಿಸುವ ಆರ್‌ಎನ್‌ಎ ಪಾಲಿಮರೇಸ್ ಕಿಣ್ವದೊಳಗೆ ಕುಳಿತು, ಬೆಳೆಯುತ್ತಿರುವ ಆರ್‌ಎನ್‌ಎಯ ದಾರಿಗೆ ಅಡ್ಡವಾಗುತ್ತದೆ. ಕ್ಷಯದ ಬ್ಯಾಕ್ಟೀರಿಯಾದಲ್ಲಿ ಈ ಔಷಧವನ್ನು ಸೋಲಿಸುವ ಸಾಮಾನ್ಯ ಬದಲಾವಣೆ 450ನೇ ಸ್ಥಾನದ ಸೆರಿನ್ ಲ್ಯೂಸಿನ್ ಆಗುವುದು. ಅದರಿಂದ ಕಿಣ್ವಕ್ಕೆ ಆಗುವ ಅಲ್ಪಸ್ವಲ್ಪ ನಷ್ಟವನ್ನು ಅದೇ ಕಿಣ್ವದ ಇನ್ನೊಂದು ಭಾಗದಲ್ಲಿ ಆಗುವ ಎರಡನೆಯ ಬದಲಾವಣೆ ತುಂಬಿಕೊಡುತ್ತದೆ. ನಷ್ಟ ತುಂಬಿದ ಮೇಲೆ ಹಿಂದಿರುಗಲು ಒತ್ತಡವೇ ಉಳಿಯುವುದಿಲ್ಲ.

ಕೊನೆಯದಾಗಿ, ನಿಮ್ಮ ಪ್ರಶ್ನೆಯನ್ನು ತಿರುಗಿಸಿ ನೋಡೋಣ. ಕಿಣ್ವ ನಿಜಕ್ಕೂ ಕೆಟ್ಟರೂ ಬ್ಯಾಕ್ಟೀರಿಯಾ ಬದುಕುವ ಸಂದರ್ಭವಿದೆ. ಪೈರಾಜಿನಮೈಡ್ ಎಂಬ ಕ್ಷಯದ ಔಷಧವನ್ನು ಚುರುಕುಗೊಳಿಸುವ ಪಿಎನ್‌ಸಿಎ ಕಿಣ್ವವಿಲ್ಲದೆಯೂ ಬ್ಯಾಕ್ಟೀರಿಯಾದ ಜೀವನ ನಡೆಯುತ್ತದೆ. ದನಗಳಲ್ಲಿ ಕ್ಷಯ ತರುವ ಮೈಕೋಬ್ಯಾಕ್ಟೀರಿಯಂ ಬೋವಿಸ್‌ನಲ್ಲಿ ಈ ಕಿಣ್ವದ 57ನೇ ಸ್ಥಾನದಲ್ಲಿ ಹಿಸ್ಟಿಡಿನ್ ಇಲ್ಲ, ಆಸ್ಪಾರ್ಟಿಕ್ ಆಮ್ಲವಿದೆ. ಅಷ್ಟರಿಂದಲೇ ಅದು ಪೈರಾಜಿನಮೈಡ್‌ಗೆ ಸಹಜವಾಗಿಯೇ ಬಗ್ಗುವುದಿಲ್ಲ.

ಈ ವ್ಯತ್ಯಾಸ ರೋಗಪತ್ತೆಯಲ್ಲಿ ನೇರವಾಗಿ ಕಾಣುತ್ತದೆ. ಪಾಲಿಮರೇಸ್ ಕೆಲಸ ಮಾಡಲೇಬೇಕಾದ ಕಿಣ್ವ. ಹಾಗಾಗಿ ರಿಫಾಂಪಿಸಿನ್ ಪ್ರತಿರೋಧದ ಶೇ. 95ರಷ್ಟು ಪ್ರಕರಣಗಳಲ್ಲಿ ಬದಲಾವಣೆ ಸಿಗುವುದು ಅದರ ಜೀನಿನ 81 ಬೇಸ್ ಜೋಡಿಗಳ (ಡಿಎನ್‌ಎಯ ಅಕ್ಷರಗಳ) ಒಂದು ತುಣುಕಿನಲ್ಲಿ. ಆ ತುಣುಕನ್ನಷ್ಟೇ ನೋಡಿ ಸುಮಾರು ಎರಡು ಗಂಟೆಗಳಲ್ಲಿ ಫಲಿತಾಂಶ ಕೊಡುವ ಪರೀಕ್ಷೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಅನುಮೋದಿಸಿತು. ಪಿಎನ್‌ಸಿಎ ಎಲ್ಲಿ ಬೇಕಾದರೂ ಕೆಡಬಹುದು. ಅದಕ್ಕೆ 561 ಬೇಸ್ ಜೋಡಿಗಳ ಇಡೀ ಜೀನನ್ನೇ ಓದಬೇಕು; ಓದಿದ ಮೇಲೂ, ಸಿಕ್ಕ ಬದಲಾವಣೆ ಕಿಣ್ವವನ್ನು ನಿಜಕ್ಕೂ ಕೆಡಿಸುತ್ತದೆಯೇ ಎಂಬುದನ್ನು ಬೇರೆಯಾಗಿ ತಿಳಿದುಕೊಳ್ಳಬೇಕು.