ಎಫ್2 ಚಾಂಪಿಯನ್ ಆದ್ಮೇಲೂ ಥಿಯೋ ಪೂರ್ಶೇರ್‌ಗೆ ಎಫ್1 ಸೀಟ್ ಯಾಕೆ ಸಿಗ್ಲಿಲ್ಲ?

ಓದುಗರ ಪ್ರಶ್ನೆ: ಎಫ್2 (ಫಾರ್ಮುಲಾ 2, ಎಫ್1ಗಿಂತ ಒಂದು ಮೆಟ್ಟಿಲು ಕೆಳಗಿನ ಕಾರ್ ರೇಸ್ ಸರಣಿ) ಗೆದ್ದೋರು ಮುಂದಿನ ವರ್ಷ ಎಫ್1ಗೆ ಹೋಗ್ತಾರೆ ಅನ್ಕೊಂಡಿದ್ದೆ. 2023ರಲ್ಲಿ ಗೆದ್ದ ಫ್ರೆಂಚ್ ಹುಡುಗ ಪೂರ್ಶೇರ್ ಎಲ್ಲಿಗೆ ಹೋದ? ಏನಾದ್ರೂ ಎಡವಟ್ಟು ಮಾಡ್ಕೊಂಡ್ನಾ?

ಉತ್ತರ: ಎಡವಟ್ಟು ಅಂತ ದೊಡ್ಡದೇನೂ ಇಲ್ಲ. ಗೆದ್ದಿದ್ದು ಸ್ವಲ್ಪ ಲೇಟಾಯ್ತು, ಗೆದ್ದ ವರ್ಷ ಎಫ್1ನಲ್ಲಿ ಒಂದೇ ಒಂದು ಸೀಟೂ ಖಾಲಿ ಆಗ್ಲಿಲ್ಲ, ಅಷ್ಟೇ ಕಥೆ. ಆದ್ರೆ ಈ "ಅಷ್ಟೇ" ಒಳಗೆ ಬೇಜಾನ್ ವಿಷ್ಯ ಇದೆ, ಅದಕ್ಕೆ ಸ್ವಲ್ಪ ಹಿಂದಿನಿಂದ ಹೇಳ್ತೀನಿ.

ಪೂರ್ಶೇರ್ ಹುಟ್ಟಿದ್ದು 2003ರ ಆಗಸ್ಟ್‌ನಲ್ಲಿ, ಫ್ರಾನ್ಸ್‌ನ ದಕ್ಷಿಣದ ಗ್ರಾಸ್ ಅನ್ನೋ ಊರಲ್ಲಿ (ಸೆಂಟು, ಅತ್ತರು ಮಾಡೋದಕ್ಕೆ ಹೆಸರಾದ ಊರು ಅದು). ಎಲ್ಲರ ಥರ ಕಾರ್ಟಿಂಗ್‌ನಿಂದ ಶುರು, 2018ರಲ್ಲಿ ಫ್ರೆಂಚ್ ಎಫ್4ನ (ಎಫ್4, ಎಫ್3 ಎರಡೂ ಎಫ್2ಗಿಂತ ಕೆಳಗಿನ ಮೆಟ್ಟಿಲು) ಜೂನಿಯರ್ ಟೈಟಲ್, 2019ರಲ್ಲಿ ಜರ್ಮನಿಯ ಎಡಿಎಸಿ ಎಫ್4 ಚಾಂಪಿಯನ್. ಆ ವರ್ಷ ಓಡಿಸಿದ್ದು ಯುಎಸ್ ರೇಸಿಂಗ್ ಟೀಮ್‌ಗೆ, ರಾಲ್ಫ್ ಶೂಮಾಕರ್ ಪಾರ್ಟ್ನರ್ ಆಗಿದ್ದ ಟೀಮ್ ಅದು, ಜೊತೆಗೆ ಎಫ್1 ಟೀಮ್ ಸೌಬರ್‌ನ ಜೂನಿಯರ್ ಅನ್ನೋ ಹಣೆಪಟ್ಟಿ ಬೇರೆ. 2020ರಲ್ಲಿ ಎಫ್3, ಎಆರ್‌ಟಿ ಟೀಮ್. ಆ ಸೀಸನ್ ನೋಡಿರೋರಿಗೆ ಗೊತ್ತು, ಕೊನೇ ವೀಕೆಂಡ್ ಮುಜೆಲ್ಲೋದಲ್ಲಿ ಎಲ್ಲಾ ಮುಗಿದಾಗ ಆಸ್ಕರ್ ಪಿಯಾಸ್ಟ್ರಿ 164, ಪೂರ್ಶೇರ್ 161, ಲೋಗನ್ ಸಾರ್ಜೆಂಟ್ 160. ಮೂರೇ ಮೂರು ಪಾಯಿಂಟ್‌ನಲ್ಲಿ ಟೈಟಲ್ ತಪ್ತು, ಆಗಿನ್ನೂ ಹುಡುಗನಿಗೆ 17. ಈ ಮೂವರಲ್ಲಿ ಒಂದನೇ ಮತ್ತು ಮೂರನೇ ಬಂದೋರಿಬ್ರೂ ಆಮೇಲೆ ಎಫ್1ಗೆ ಹೋದ್ರು, ನಡುವಿನೋನು ಮಾತ್ರ ಹೋಗ್ಲಿಲ್ಲ ಅನ್ನೋದನ್ನ ಇಲ್ಲೇ ನೆನಪಿಟ್ಕೊಳ್ಳಿ.

2021ರಲ್ಲಿ ಎಫ್2ಗೆ ಬಂದು ಮೊನಾಕೋದಲ್ಲಿ ಪೋಲ್ (ಎಲ್ಲರಿಗಿಂತ ಮುಂದಿನ ಜಾಗದಿಂದ ರೇಸ್ ಶುರು ಮಾಡೋ ಅವಕಾಶ) ತಗೊಂಡು ಫೀಚರ್ ರೇಸೂ (ವೀಕೆಂಡಿನ ಮುಖ್ಯ ರೇಸ್) ಗೆದ್ಬಿಟ್ಟ, ಎಫ್2ನಲ್ಲಿ ಅಷ್ಟು ಸಣ್ಣ ವಯಸ್ಸಿಗೆ ಅಲ್ಲೀತನಕ ಯಾರೂ ಪೋಲೂ ತಗೊಂಡಿರ್ಲಿಲ್ಲ, ರೇಸೂ ಗೆದ್ದಿರ್ಲಿಲ್ಲ. ಮೊನಾಕೋದಲ್ಲಿ ಗೋಡೆ ಪಕ್ಕದಲ್ಲೇ ಇರುತ್ತೆ, ಅಲ್ಲಿ ಇಡೀ ವೀಕೆಂಡ್ ತಪ್ಪು ಮಾಡದೇ ಇರೋದು ಸುಲಭ ಅಲ್ಲ. ಆಗ ಎಲ್ಲರೂ ಇವನೇ ಮುಂದಿನ ಫ್ರೆಂಚ್ ಸ್ಟಾರ್ ಅಂದ್ರು. ಮುಂದಿನ ರೌಂಡೇ ಬಾಕುವಿನಲ್ಲಿ ಆಕ್ಸಿಡೆಂಟ್ ಆಗಿ ಕೈ ಮೂಳೆ ಮುರೀತು. ಸಿಲ್ವರ್‌ಸ್ಟೋನ್‌ಗೆ ವಾಪಸ್ ಬಂದ, ಮೊಂಜಾದಲ್ಲಿ ಇನ್ನೊಂದು ರೇಸ್ ಗೆದ್ದ, ವರ್ಷದ ಕೊನೆಗೆ ಐದನೇ ಸ್ಥಾನ. ಮೊದಲ ವರ್ಷಕ್ಕೆ ಇದು ಚೆನ್ನಾಗೇ ಇದೆ, ಆದ್ರೆ ಅದೇ ವರ್ಷ ಅದೇ ಎಫ್2ಗೆ ಹೊಸಬನಾಗಿ ಬಂದ ಪಿಯಾಸ್ಟ್ರಿ ಚಾಂಪಿಯನ್ನೇ ಆಗ್ಬಿಟ್ಟ, ಹೋಲಿಕೆ ಶುರುವಾಗಿದ್ದೇ ಅಲ್ಲಿ.

2022ಕ್ಕೆ ಸೌಬರ್ (ಆಗ ಆಲ್ಫಾ ರೋಮಿಯೋ ಹೆಸರಲ್ಲಿ ಓಡ್ತಿತ್ತು) ಇಬ್ಬರು ಹೊಸ ಡ್ರೈವರ್ ತಗೊಳ್ತು. ಒಬ್ಬ ವಾಲ್ಟೆರಿ ಬೊಟಾಸ್, ಇನ್ನೊಬ್ಬ ಝೌ ಗ್ವಾನ್ಯು. ಪೂರ್ಶೇರ್‌ಗೆ ಇನ್ನೊಂದು ವರ್ಷ ಎಫ್2ನಲ್ಲೇ ಕಲೀಲಿ ಅನ್ನೋ ಲೆಕ್ಕ. ನನ್ನ ಪ್ರಕಾರ ನಿಜವಾಗ್ಲೂ ಕೈತಪ್ಪಿದ ವರ್ಷ ಈ 2022, ಎಲ್ಲರೂ 2023ರ ಬಗ್ಗೆ ಮಾತಾಡ್ತಾರೆ ಆದ್ರೆ ಗೆಲ್ಲಬೇಕಾಗಿದ್ದು ಇಲ್ಲಿ. ಬಹರೈನ್, ಇಮೋಲಾ, ಹಂಗೇರಿ ಮೂರೂ ಕಡೆ ಫೀಚರ್ ರೇಸ್ ಗೆದ್ದ, ಆದ್ರೂ ಚಾಂಪಿಯನ್ ಆದ ಫೆಲಿಪೆ ದ್ರುಗೋವಿಚ್ 265, ಎರಡನೇ ಬಂದ ಇವನು 164. ನೂರು ಪಾಯಿಂಟ್ ಗ್ಯಾಪು! ಗೆದ್ದ ದಿನ ಸೂಪರ್, ಉಳಿದ ದಿನ ಸೊನ್ನೆ ಅನ್ನೋ ಥರ ಇತ್ತು.

ಇಲ್ಲಿ ತುಂಬಾ ಜನಕ್ಕೆ ಗೊತ್ತಿಲ್ದಿರೋ ವಿಷ್ಯ ಒಂದಿದೆ. ಎಫ್1 ಓಡಿಸೋಕೆ ಸೂಪರ್ ಲೈಸೆನ್ಸ್ ಬೇಕು, ಅದಕ್ಕೆ 40 ಪಾಯಿಂಟ್ ಬೇಕು, ಎಫ್2ನಲ್ಲಿ ಮೊದಲ ಮೂರು ಸ್ಥಾನದಲ್ಲಿ ಯಾವುದು ಬಂದ್ರೂ ಪೂರ್ತಿ 40 ಸಿಗುತ್ತೆ. ಅಂದ್ರೆ 2022ರಲ್ಲಿ ಎರಡನೇ ಬಂದಾಗ್ಲೇ ಪಾಯಿಂಟ್ ಲೆಕ್ಕ ಮುಗಿದಿತ್ತು, 2023ರ ಟೈಟಲ್‌ನಿಂದ ಲೈಸೆನ್ಸ್ ವಿಷ್ಯದಲ್ಲಿ ಹೊಸದಾಗಿ ಸಿಗೋದು ಏನೂ ಇರ್ಲಿಲ್ಲ, ಬರೀ ಗೌರವ.

ಇನ್ನೊಂದು, ಪೂರ್ಶೇರ್ ಓಡಿಸ್ತಿದ್ದ ಎಆರ್‌ಟಿ ಟೀಮ್ ಕಟ್ಟಿದ್ದೇ ಫ್ರೆಡೆರಿಕ್ ವಾಸರ್, ಆಗ ಸೌಬರ್ ಬಾಸ್ ಕೂಡ ಅವರೇ. ಅವರು 2023ರ ಶುರುವಿಗೆ ಫೆರಾರಿಗೆ ಹೋಗ್ಬಿಟ್ರು. ಸೌಬರ್ ನೋಡಿದ್ರೆ ಆಡಿ ಕಂಪನಿ ಕೈಗೆ ಹೋಗೋ ದಾರೀಲಿತ್ತು. ಅಂಥ ಹೊತ್ತಲ್ಲಿ ಹಳೇ ಬಾಸ್ ಕಾಲದ ಜೂನಿಯರ್ ಬಗ್ಗೆ ಯಾರಿಗೆ ಎಷ್ಟು ತಲೆಬಿಸಿ ಇರುತ್ತೆ, ನೀವೇ ಯೋಚ್ನೆ ಮಾಡಿ.

2023ರಲ್ಲಿ ಮೂರನೇ ಪೂರ್ತಿ ಸೀಸನ್. ಬಹರೈನ್‌ನಲ್ಲಿ ಪೋಲ್ ತಗೊಂಡು ಎಲ್ಲರನ್ನೂ ಹಿಂದೆ ಬಿಟ್ಟು ಗೆದ್ದ, ಆಮೇಲೆ ಇಡೀ ವರ್ಷ ಇನ್ನೊಂದು ರೇಸ್ ಗೆಲ್ಲಲಿಲ್ಲ! ಆದ್ರೆ ಪಾಯಿಂಟ್ ಮಾತ್ರ ಬಿಡದೇ ಕೂಡಿಸ್ತಾ ಹೋದ, ಕೊನೇ ರೌಂಡ್ ಅಬುಧಾಬಿಯಲ್ಲಿ 203 ಪಾಯಿಂಟ್‌ಗೆ ಟೈಟಲ್, ಫ್ರೆಡರಿಕ್ ವೆಸ್ಟಿ 192. ಹಿಂದಿನ ವರ್ಷ ಇಲ್ದಿದ್ದ ಕನ್ಸಿಸ್ಟೆನ್ಸಿ ಈ ಸಲ ಬಂತು, ಆದ್ರೆ ಒಂದೇ ರೇಸ್ ಗೆದ್ದು ಚಾಂಪಿಯನ್ ಆದ ಅಂತ ಹೇಳೋರಿಗೂ ಅವಕಾಶ ಸಿಕ್ತು. ಅಂದಹಾಗೆ ಆ ವರ್ಷ ಅದೇ ಗ್ರಿಡ್‌ನಲ್ಲಿ ನಮ್ಮ ಬೆಂಗಳೂರಿನ ಕುಶ್ ಮೈನಿ ಕೂಡ ಇದ್ದ, ಕ್ಯಾಂಪೋಸ್ ಟೀಮ್‌ನಲ್ಲಿ, ಮೆಲ್ಬೋರ್ನ್‌ನಲ್ಲಿ ಪೋಡಿಯಂ ಹತ್ತಿದ್ದ.

ಈಗ ಮುಖ್ಯ ವಿಷ್ಯ. 2023 ಯಾವ 20 ಡ್ರೈವರ್‌ಗಳೊಂದಿಗೆ ಮುಗೀತೋ ಅದೇ 20 ಜನ 2024ಕ್ಕೂ ಸೈನ್ ಆಗಿದ್ರು, ಎಫ್1 ಇತಿಹಾಸದಲ್ಲೇ ಹಾಗೆ ಆಗಿದ್ದು ಮೊದಲ ಸಲ. ಸೌಬರ್‌ನಲ್ಲೂ ಬೊಟಾಸ್, ಝೌ ಹಾಗೇ ಕೂತಿದ್ರು, ಇವನಿಗೆ ಸಿಕ್ಕಿದ್ದು ರಿಸರ್ವ್ ಕೆಲಸ (ಅವರಲ್ಲಿ ಯಾರಾದ್ರೂ ಓಡಿಸೋಕಾಗದಿದ್ರೆ ಮಾತ್ರ ಚಾನ್ಸ್). ಹೋಗ್ಲಿ ಎಫ್2ಗೇ ವಾಪಸ್ ಹೋಗೋಣ ಅಂದ್ರೆ, ಚಾಂಪಿಯನ್ ಆದೋನು ಮತ್ತೆ ಅಲ್ಲಿ ಓಡಿಸೋ ಹಾಗಿಲ್ಲ, ರೂಲ್ ಇದೆ. ಎರಡನೇ ಬಂದಿದ್ರೆ ವಾಪಸ್ ಹೋಗ್ಬಹುದಿತ್ತು, ಗೆದ್ದಿದ್ದಕ್ಕೆ ಮನೆಗೆ ಹೋಗು ಅಂದಂಗಾಯ್ತು.

ನೀವು ಎಫ್2 ಗೆದ್ರೆ ಎಫ್1 ಗ್ಯಾರಂಟಿ ಅಂದ್ರಲ್ಲ, ಆ ನಂಬಿಕೆ ಬಂದಿದ್ದು ಗೆದ್ದ ಮರುವರ್ಷವೇ ಎಫ್1ಗೆ ಹೋದ ಲೆಕ್ಲೇರ್ (2017), ರಸೆಲ್ (2018) ಇಬ್ಬರಿಂದ. ಆದ್ರೆ 2019ರ ಚಾಂಪಿಯನ್ ಡಿ ವ್ರೀಸ್‌ಗೆ ತಕ್ಷಣ ಸೀಟ್ ಸಿಗ್ಲಿಲ್ಲ, ಪಿಯಾಸ್ಟ್ರಿನೇ ಒಂದು ವರ್ಷ ಸುಮ್ನೆ ಕೂತಿದ್ದ, ದ್ರುಗೋವಿಚ್ ಆಸ್ಟನ್ ಮಾರ್ಟಿನ್ ರಿಸರ್ವ್ ಆಗಿ ಉಳಿದ. ಇನ್ನೊಂದು ಕಡೆ 2024ರಲ್ಲಿ ಎಫ್2ನಲ್ಲಿ ಆರನೇ ಬಂದ ಆಂಟೊನೆಲ್ಲಿಗೆ ಮರ್ಸಿಡಿಸ್, 12ನೇ ಬಂದ ಬೇರ್ಮನ್‌ಗೆ ಹಾಸ್! ಟೀಮ್‌ಗಳು ತಮ್ಮ ಹುಡುಗರಿಗೆ ಕೆಎಸ್‌ಆರ್‌ಟಿಸಿ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿದ ಹಾಗೆ ಮೊದಲೇ ಸೀಟ್ ಹಿಡಿದಿರ್ತವೆ, ನಾವು ಪಾಯಿಂಟ್ಸ್ ಟೇಬಲ್ ನೋಡ್ಕೊಂಡು ತಲೆ ಕೆಡಿಸ್ಕೋತೀವಿ. ಇನ್ನೂ ಹೊಟ್ಟೆ ಉರಿಯೋ ವಿಷ್ಯ ಅಂದ್ರೆ 2025ಕ್ಕೆ ಸೌಬರ್‌ನಲ್ಲಿ ಎರಡೂ ಸೀಟ್ ಖಾಲಿ ಆಯ್ತು, ಒಂದು ಹುಲ್ಕೆನ್‌ಬರ್ಗ್‌ಗೆ, ಇನ್ನೊಂದು ಮೊದಲ ವರ್ಷವೇ ಎಫ್2 ಗೆದ್ದ ಬೊರ್ಟೊಲೆಟೊಗೆ (ಆ ವರ್ಷ ಅವನ ಟೀಮ್‌ಮೇಟ್ ನಮ್ಮ ಕುಶ್). ಆ ಸಲದ ಎರಡನೇ ಸ್ಥಾನದ ಇಸಾಕ್ ಹಜಾರ್, ಅವನೂ ಫ್ರೆಂಚ್ ಹುಡುಗನೇ, ರೆಡ್‌ಬುಲ್ ಹುಡುಗ ಆಗಿದ್ದಕ್ಕೆ ಅವರದ್ದೇ ಇನ್ನೊಂದು ಟೀಮ್ ರೇಸಿಂಗ್ ಬುಲ್ಸ್‌ನಲ್ಲಿ ಸೀಟ್ ಗಿಟ್ಟಿಸ್ಕೊಂಡ. ಬೇಗ ಗೆದ್ರೆ ಸಾಕು ಅಂತಾನೂ ಹೇಳೋ ಹಾಗಿಲ್ಲ, 2025ರಲ್ಲಿ ಮೊದಲ ವರ್ಷವೇ ಗೆದ್ದ ಫೋರ್ನರೋಲಿಗೂ ಎಫ್1 ಸೀಟ್ ಸಿಗ್ಲಿಲ್ಲ.

ಆಮೇಲೆ ಏನಾಯ್ತು ಅಂದ್ರೆ, 2024ರಲ್ಲಿ ಜಪಾನ್‌ಗೆ ಹೋಗಿ ಸೂಪರ್ ಫಾರ್ಮುಲಾದಲ್ಲಿ ಇಂಪುಲ್ ಟೀಮ್‌ಗೆ ಸುಝುಕಾದಲ್ಲಿ ಒಂದು ರೇಸ್ ಓಡಿಸಿದ, ಅಷ್ಟರಲ್ಲಿ ಅಮೆರಿಕದ ಇಂಡಿಕಾರ್ ರೇಸ್ ಸರಣಿಯಲ್ಲಿ, ಗಾಯ ಆಗಿದ್ದ ಡೇವಿಡ್ ಮಲುಕಾಸ್ ಜಾಗಕ್ಕೆ ಆ್ಯರೋ ಮೆಕ್ಲಾರೆನ್ ಕರೀತು, ಲಾಂಗ್ ಬೀಚ್‌ನಲ್ಲಿ ಸರಿಯಾಗಿ ಪ್ರಾಕ್ಟೀಸೂ ಇಲ್ದೆ 11ನೇ ಬಂದ, ಡೆಟ್ರಾಯ್ಟ್‌ನಲ್ಲಿ 10ನೇ. ಅದೇ ಡೆಟ್ರಾಯ್ಟ್‌ನಲ್ಲಿ ಅರ್ಜೆಂಟೀನಾದ ಡ್ರೈವರ್ ಕನಪಿನೋ ಕಾರಿಗೆ ತಾಗಿದ್ದಕ್ಕೆ ಆನ್‌ಲೈನ್‌ನಲ್ಲಿ ಕೊಲೆ ಬೆದರಿಕೆ ಬೇರೆ ಬಂತು. ಸೀಸನ್ ಪೂರ್ತಿ ನೀನೇ ಅಂದಿದ್ದ ಟೀಮು ಜೂನ್‌ನಲ್ಲಿ ನೋಲನ್ ಸೀಗಲ್‌ನ ಕೂರಿಸ್ತು, ಮತ್ತೆ ಅದೇ ಟೀಮಿನ ಇನ್ನೊಬ್ಬ ಡ್ರೈವರ್ ರೋಸಿಗೆ ಗಾಯ ಆದಾಗ ಟೊರಾಂಟೋ ರೇಸಿಗೆ ಇವನನ್ನೇ ಕರೀತು. ಸ್ವಲ್ಪ ಮಾನ ಮರ್ಯಾದೆ ಬೇಡ್ವಾ ಅನ್ಸುತ್ತೆ.

2025ರಿಂದ ದಾರಿ ಬದಲಾಯ್ತು. ಯುರೋಪಿಯನ್ ಲೆಮಾನ್ಸ್ ಸೀರೀಸ್‌ನಲ್ಲಿ (ಗಂಟೆಗಟ್ಟಲೆ ನಡೆಯೋ ರೇಸ್‌ಗಳ ಸರಣಿ) ಆಲ್ಗಾರ್ವೆ ಪ್ರೋ ಟೀಮ್ ಜೊತೆ ಎಲ್‌ಎಂಪಿ2 ಅನ್ನೋ ಎರಡನೇ ದರ್ಜೆ ಕಾರು, ಪಕ್ಕದಲ್ಲಿ ಪೆಷೋ ಕಂಪನಿಗೆ ಟೆಸ್ಟ್ ಡ್ರೈವರ್ ಕೆಲಸ, ಅದೇ ಪೆಷೋ 2026ಕ್ಕೆ ತನ್ನ ಹೈಪರ್‌ಕಾರ್‌ನಲ್ಲಿ (ಈ ಥರದ ರೇಸ್‌ಗಳ ಮೊದಲ ದರ್ಜೆ ಕಾರು) ರೇಸ್ ಸೀಟ್ ಕೊಡ್ತು. ಫ್ರೆಂಚ್ ಕಂಪನಿ, ಫ್ರೆಂಚ್ ಡ್ರೈವರ್, ಲೆಮಾನ್ಸ್ 24 ಗಂಟೆ ರೇಸು, ಎಫ್1ನಲ್ಲಿ ಕೊನೇ ಸಾಲಲ್ಲಿ ಒದ್ದಾಡೋದಕ್ಕಿಂತ ಇದೇ ವಾಸಿ ಅಂತ ನಂಗನ್ಸುತ್ತೆ, ನೀವು ಒಪ್ಪದೇ ಇರ್ಬಹುದು.